ಎಲ್ಲ ಅರ್ಥವಾಯಿತು ಎಂದವರು

ವಿಶ್ವವಿದ್ಯಾಲಯದಲ್ಲಿ ಆಕೆಗೆ ಹುದ್ದೆ ಎಂಬುದೊಂದು ಇರಲಿಲ್ಲ. ಅಕೌಂಟೆನ್ಸಿಯಲ್ಲಿ ಫೇಲಾದವರಿಗೆ ಸಂಜೆ ಹೆಚ್ಚುವರಿ ತರಗತಿ ತೆಗೆದುಕೊಳ್ಳುವವಳು, ಅಷ್ಟೇ. ಲೆಕ್ಕ ಮುಗಿದಾಗಲೆಲ್ಲ "ಎರಡೂ ಕಡೆ ತಾಳೆ ಆಯ್ತೇನ್ರೋ?" ಎನ್ನುತ್ತಿದ್ದುದರಿಂದ ಹುಡುಗರ ಬಾಯಲ್ಲಿ ತಾಳೆ ಮೇಡಂ. ಕೊಟ್ಟಿದ್ದು ಮೆಟ್ಟಿಲ ಕೆಳಗಿನ ಕೋಣೆ. ಮುರಿದ ಬೆಂಚುಗಳ ರಾಶಿಯಲ್ಲಿ ಗಟ್ಟಿ ಕಾಲಿನದನ್ನು ಹುಡುಕಿ ಕೂರಬೇಕು.

ಆಕೆಯ ಪಾಠದ ರೀತಿಯೇ ಬೇರೆ. ತಪ್ಪು ಮಾಡಿದವರು ಎದ್ದು ಬಂದು ತಮ್ಮ ತಪ್ಪನ್ನೇ ಬೋರ್ಡಿನ ಮೇಲೆ ಬರೆಯಬೇಕು. ನಾಚಿಕೊಂಡು ಬೆಂಚು ಬಿಟ್ಟು ಏಳದವರಿಗೆ ಈ ಬೆಂಚನ್ನೇ ಮನೆಗೆ ಹೊತ್ತುಕೊಂಡು ಹೋಗಿ ಎಂದು ರೇಗಿಸುತ್ತಿದ್ದಳು. ಹೀಗೆ ನಕ್ಕು ನಗಿಸುತ್ತಲೇ ಎಷ್ಟೋ ಜನರನ್ನು ದಡ ಮುಟ್ಟಿಸಿದ್ದಳು.

ಈ ತರಗತಿ ಇನ್ನು ಮುಂದೆ ಇರಬೇಕೋ ಬೇಡವೋ ಎಂದು ತೀರ್ಮಾನಿಸಲು, ವಿದ್ಯಾರ್ಥಿಗಳ ಅಭಿಪ್ರಾಯ ಕೇಳುತ್ತೇನೆಂದು ಒಬ್ಬ ಅಧಿಕಾರಿ ಬಂದ. ಮೇಡಂ ಹೊರಗೆ ನಿಲ್ಲಬೇಕಂತೆ. ಲಕ್ವ ಹೊಡೆದು ಮಲಗಿದ ಗಂಡ, ಓದುವ ಮಗಳು, ಇಬ್ಬರ ಅನ್ನವೂ ಈ ಕೋಣೆಯಲ್ಲೇ ಇತ್ತು. ಕಿಟಕಿಯ ಸರಳು ಹಿಡಿದು ನಿಂತಳು.

ಹುಡುಗರು ಮೊದಲೇ ಮಾತಾಡಿಕೊಂಡಿದ್ದರು. ಮೇಡಂ ಕೆಲಸ ಉಳಿಯಬೇಕು, ಯಾರೂ ಕೊಂಕು ತೆಗೆಯಕೂಡದು. ಒಬ್ಬೊಬ್ಬನೂ ಎದ್ದು ಬಹಳ ಚೆನ್ನಾಗಿದೆ, ಎಲ್ಲ ಅರ್ಥವಾಗಿದೆ ಎಂದು ಒಪ್ಪಿಸಿದ. ಕೊನೆಗೆ ಎದ್ದವಳು ಡ್ರೈವರನ ಮಗಳು, ಎರಡು ಸಲ ಡುಮ್ಕಿ ಹೊಡೆದವಳು.

"ಸರ್, ಮೆಷಿನ್ ಹಳೇದಾದ ಹಾಗೆ ಬೆಲೆ ಇಳಿಸ್ತೀವಲ್ಲ, ಆ ಸವಕಳಿ ಲೆಕ್ಕ ನಂಗಿನ್ನೂ ತಲೆಗೆ ಹತ್ತಿಲ್ಲ. ಇನ್ನೊಂದಷ್ಟು ದಿನ ಕ್ಲಾಸ್..."

ಹೊರಗಿದ್ದವಳು ಕಿಟಕಿಯ ಸರಳಿಗೆ ಮುಖ ಒತ್ತಿದಳು. ಈ ಹುಡುಗಿ ಎಲ್ಲ ಹಾಳುಮಾಡುತ್ತಾಳೆ. ಅಧಿಕಾರಿಯ ಬೆನ್ನ ಹಿಂದಿನಿಂದ ಕೂತ್ಕೋ, ಕೂತ್ಕೋ ಎಂದು ಕೈಸನ್ನೆ ಮಾಡಿದಳು. ಹುಡುಗಿ ನೋಡಿದಳು. "ಇಲ್ಲ ಸರ್, ಅರ್ಥ ಆಗಿದೆ" ಎಂದು ಕೂತಳು.

ಮರುವಾರ ಆಫೀಸಿಗೆ ಕರೆದರು. ಅಧಿಕಾರಿಗೆ ಆಕೆಯ ಮೇಲೆ ಸಿಟ್ಟೇನೂ ಇರಲಿಲ್ಲ; ಅಭಿನಂದಿಸಿದ ಕೂಡ. "ಎಲ್ಲರಿಗೂ ಎಲ್ಲಾ ಅರ್ಥ ಆಗಿದೆಯಂತಲ್ಲ ಮೇಡಂ. ಇನ್ನು ಈ ಕ್ಲಾಸ್ ಯಾಕೆ? ಈ ವಾರಕ್ಕೇ ನಿಲ್ಲಿಸಿಬಿಡೋಣ."

ಬರುವ ವರ್ಷ ಫೇಲಾಗುವವರ ಗತಿ ಏನೆಂದು ಆಕೆ ಕೇಳಿದಳು. ಬೇಡಿಕೆ ಬಂದರೆ ನೋಡೋಣ ಎಂದ. ಬೇಡಿಕೆ ಬಂದಿತ್ತು, ಸ್ವಾಮಿ. ಒಬ್ಬಳು ಎದ್ದು ನಿಂತು ಬಾಯಿಬಿಟ್ಟು ಕೇಳಿದ್ದಳು. ಅರ್ಧಕ್ಕೆ ನಿಂತ ಆ ಮಾತು ಪೂರ್ತಿ ಮಾಡಮ್ಮ ಎನ್ನುವಷ್ಟು ವ್ಯವಧಾನ ಇವನಿಗಿರಲಿಲ್ಲ. ಅದನ್ನು ಅಡಗಿಸಿದ್ದು ತಾನೇ ಎಂದು ಬಾಯಿಬಿಡುವ ಧೈರ್ಯ ಆಕೆಗೂ ಬರಲಿಲ್ಲ.

ಕೊನೆಯ ತರಗತಿ ಮುಗಿದ ದಿನ ಕೋಣೆಯ ಹೊರಗೆ ಹುಡುಗಿ ಕಾದಿದ್ದಳು. "ಪರೀಕ್ಷೆ ಹತ್ರ ಬಂತು ಮೇಡಂ. ನಿಮ್ಮನೆಗೇ ಬರ್ಲಾ?"

ಸೋಮವಾರದಿಂದ ಆಕೆಗೆ ಹೊಸ ಕೆಲಸ, ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲಬೇಕು, ಬಾಗಿಲು ಹಾಕುವವರೆಗೂ. ಆಮೇಲೆ ಗಂಡನನ್ನು ಮಗ್ಗುಲು ಬದಲಿಸಿ ಮಲಗಿಸಬೇಕು.

"ಯಾರನ್ನಾದ್ರೂ ಕೇಳ್ಕೋ ಪುಟ್ಟಿ" ಎಂದಳು.

ಹುಡುಗಿ ತಲೆಯಾಡಿಸಿದಳು. ಯಾರನ್ನು ಎಂದು ಕೇಳಲಿಲ್ಲ.