ಹದಿನೇಳನೆಯ ಮಡಿಯ ಸೊನ್ನೆ

ಹೊತ್ತು ಇನ್ನೂ ಮೂಡಿಲ್ಲ. ಕುಬಿಹಾಳದ ಎರೆಹೊಲದಲ್ಲಿ ಕಸ್ತೂರೆವ್ವ ಸೆರಗು ಬಿಗಿದು ಹತ್ತಿಗಿಡಕ್ಕೆ ಬಗ್ಗಿದ್ದಾಳೆ. ಬಿಸಿಲೇರಿದರೆ ಒಣಗಿದ ಎಲೆ ಪುಡಿಯಾಗಿ ಅರಳೆಗೆ ಮೆತ್ತುತ್ತದೆ, ತೂಕ ಸುಳ್ಳಾಗುತ್ತದೆ. ಇಪ್ಪತ್ನಾಲ್ಕು ಮಡಿ, ಮಡಿಗೆ ಹತ್ತು ಗಿಡ. ಒಡೆದ ಕಾಯಿ ಎಣಿಸಿ, ಬಿಡಿಸಿ, ತೂಗಿ, ನಡುವೆ ಕಾರ್ಬನ್ ಇಟ್ಟು ಬರೆಯುತ್ತಾಳೆ. ಮೇಲಿನ ಹಾಳೆ ವಿಶ್ವವಿದ್ಯಾಲಯಕ್ಕೆ, ಕೆಳಗಿನದು ಬೀಜದ ಕಂಪನಿಗೆ. ಇಬ್ಬರೂ ಕೂಡಿ ಹೊಸ ತಳಿ ಹುಡುಕುತ್ತಿದ್ದಾರೆ.

ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದ ಹೆಂಗಸು ಇವಳು. ಏಳು ವರ್ಷದಿಂದ ಇದೇ ಕೆಲಸ. ಆದರೆ ಯಾವ ಮಡಿಯಲ್ಲಿ ಯಾವ ತಳಿ ಎಂದು ಇವಳಿಗೆ ಹೇಳುವಂತಿಲ್ಲ, ಬರೀ ನಂಬರು. ಎಣಿಸುವವರು ಪಕ್ಷಪಾತ ಮಾಡಬಾರದಲ್ಲ!

ಆದರೂ ಮನಸ್ಸು ಕೇಳಬೇಕೆ? ಮೂರು ವರ್ಷದ ಹಿಂದೆ, 1984ರಲ್ಲಿ, ಹದಿನೇಳನೆಯ ಮಡಿ ಇವಳ ಮನಸ್ಸನ್ನು ಸೆಳೆದುಬಿಟ್ಟಿತು. ಕೆಂಪು ದಂಟು, ಗಿಡಕ್ಕೆ ಮೂವತ್ತು ಕಾಯಿ. ಉಳಿದವು ಹದಿನೆಂಟು ದಾಟಿರಲಿಲ್ಲ. ನಾಳೆ ಬಿಡಿಸಬೇಕು ಎನ್ನುವಾಗ ಊರಿನ ಗುಡದಪ್ಪನ ಆಡುಗಳು ಬೇಲಿ ನುಗ್ಗಿ ಆ ಮಡಿಯನ್ನೇ ಬೋಳಿಸಿದವು. ತೂಕದ ಜಾಗ ಖಾಲಿ ಬಿಟ್ಟು, ಆಡು ಮೇದವೆಂದು ಬರೆಯಬೇಕಿತ್ತು. ಕಸ್ತೂರೆವ್ವ ಸೊನ್ನೆ ಬರೆದಳು.

"ಖಾಲಿ ಬಿಟ್ರ ಕೆಲಸಾ ತಪ್ಪಿಸ್ಯಾಳ ಅಂತಾರಂತ ಹೆದರಿದ್ನಿ. ಏನೂ ಸಿಗಲಿಲ್ಲ ಅಂದಮ್ಯಾಲ ಸೊನ್ನಿ ಅಲ್ಲೇನ್ರಿ?"

ಎರಡೂ ಕಡೆಯವರು ಅದನ್ನು ಇಳುವರಿಯೇ ಇಲ್ಲವೆಂದು ಓದಿದರು. ಮರುವರ್ಷ ಕೆಂಪು ದಂಟು ಹೊಲಕ್ಕೆ ಬರಲಿಲ್ಲ. ಯಾಕೆಂದು ಕೇಳಿದಾಗ ವಿಶ್ವವಿದ್ಯಾಲಯದ ಪ್ರಭಂಜನ ಸಾಹೇಬರು ಕಡತ ತೆರೆದು ಸೊನ್ನೆ ತೋರಿಸಿದರು. ತಪ್ಪು ತನ್ನದೇ ಎಂದು ಅಲ್ಲೇ ಒಪ್ಪಿಕೊಂಡಳು. ಆದರೆ ದಾಖಲೆ ಇಬ್ಬರದು. ತಿದ್ದಲು ಇಬ್ಬರ ಸಹಿಯೂ ಬೇಕೆಂಬುದು ಕರಾರು. ಸಾಹೇಬರು ತಿದ್ದುಪಡಿಯ ಕಾಗದಕ್ಕೆ ತಮ್ಮ ಸಹಿ ಹಾಕಿ ಕಂಪನಿಗೆ ಕಳಿಸಿದರು. ಕಂಪನಿಯ ಪುಣ್ಯಾತ್ಮರಿಂದ ಆ ಕಾಗದ ಇಂದಿಗೂ ಮರಳಿಲ್ಲ. ಗುಡಗೇರಿಯ ಅಂಚೆಗೆ ನಡೆದು ಇವಳೂ ನಾಲ್ಕು ಪತ್ರ ಹಾಕಿದ್ದಾಳೆ. ದಾಖಲೆ ತಿದ್ದುವವರೆಗೆ ಆ ತಳಿ ಬಿತ್ತುವಂತಿಲ್ಲ; ವಿಶ್ವವಿದ್ಯಾಲಯದ ಉಗ್ರಾಣದಲ್ಲಿ ಉಳಿದ ಅದರ ಒಂದು ಚೀಲ ಬೀಜ ಹಳತಾಗುತ್ತಿದೆ. ಇನ್ನೊಂದು ಮಳೆಗಾಲ ಕಳೆದರೆ ಮೊಳೆಯುವುದಿಲ್ಲ ಎಂದಿದ್ದಾರೆ ಸಾಹೇಬರು.

ಆ ಮಡಿಯ ಕಾಯಿ ಒಡೆದಾಗಲೇ ಒಂದು ಹಿಡಿ ಬೀಜ ಮನೆಗೊಯ್ಯಬಹುದಿತ್ತಲ್ಲ ಎಂದು ಯಾರಾದರೂ ಕೇಳಿದರೆ ನೊಂದುಕೊಳ್ಳುತ್ತಾಳೆ. ಹೊಲದ ಬೀಜ ಹೊರಗೆ ಹೋಗುವಂತಿಲ್ಲ.

"ಕಾಯಿ ಎಣಿಸಿದ ದಿನ ಮನೀಗಿ ಬಂದು ನೋಡಿದ್ರ ಸೆರಗಿನ್ಯಾಗ ಅದರ ಎರಡು ಬೀಜ ಸಿಕ್ಕೊಂಡಿದ್ವು. ತಿರುಗಿ ಹೋಗಿ ಕೊಟ್ಟ ಬಂದೆ. ಈಗ ಹಿತ್ತಲಕ್ಕ ಹೋದಾಗೊಮ್ಮೆ ಅವೆರಡ ನೆನಪಾಗತಾವು."

ಮುಂದಿನ ಗಿಡಕ್ಕೆ ಬಗ್ಗುತ್ತಾಳೆ.

"ಒಮ್ಮೆ ಬಿತ್ತಲಿರಿ ಆ ಕೆಂಪು ದಂಟನ್ನ. ಆಡು ಬರದಂಗ ಬೇಲಿ ಬಾಜೂಕ ನಾನ ಕುಂದರತೀನಿ."