ಆರು ಗಡಿಗೆ ಮಜ್ಜಿಗೆ

ಮೊನ್ನೆ ಯಳಂದೂರಿನಲ್ಲಿ ನನ್ನ ತಂಗಿ ಚಿಕ್ಕತಾಯಿಯ ಮನೆಯ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದೆ. ಅವಳ ಮೊಮ್ಮಗನ ಮದುವೆ ಹತ್ತಿರ ಬಂದಿತ್ತು. ಊಟದ ಕಂಟ್ರಾಕ್ಟರು ಬಂದವನೇ ನನ್ನ ಕೈಗೊಂದು ಚೀಟಿ, ಒಂದು ಪೆನ್ನು ಕೊಟ್ಟ. "ಬೀಗರೂಟದ್ ದಿನ ಬಾರ್ ಕೌಂಟ್ರು ಮಡಗ್ಬೇಕು ಸಾ. ಕುಡ್ಯೋರು ಎಷ್ಟು ಜನ, ಏನೇನ್ ಬೇಕು, ನೀವೇ ಬರ್ದ್ಕೊಡಿ. ಮೇಷ್ಟ್ರಲ್ವಾ?" ಎಂದ. ಅಷ್ಟಕ್ಕೇ ಚೀಟಿಯನ್ನು ಕೆಂಡ ಮುಟ್ಟಿದವನಂತೆ ಜಗಲಿಯ ಮೇಲಿಟ್ಟುಬಿಟ್ಟೆ. ಈ ವಯಸ್ಸಿನಲ್ಲಿ ಚೀಟಿಗೆ ಹೆದರುವುದೆಂದರೇನು ಎಂದು ನೀವು ನಗಬಹುದು. ನಗಿ. ಆದರೆ ಇಂಥದೇ ಚೀಟಿಯನ್ನು ನಾನು ಹಿಂದೊಮ್ಮೆ ಬರೆದಿದ್ದೆ.

ಆಗ ಯಳಂದೂರು ಮೈಸೂರಿಗೆ ಸೇರಿತ್ತು, ನಮ್ಮ ಮುಳ್ಳೂರು, ಕೊಳ್ಳೇಗಾಲವೆಲ್ಲ ಮದರಾಸಿಗೆ. ಮದರಾಸಿನವರು ಪಾನನಿರೋಧದ ಕಾನೂನು ತಂದಿದ್ದರು. ನಮ್ಮ ಕಡೆ ಒಂದು ಚೊಂಬು ಹೆಂಡ ಸಿಕ್ಕಿದರೂ ಕೈಗೆ ಕೋಳ. ಅತ್ತ ಯಳಂದೂರಿನ ಕಡೆ ಈಚಲು ಹೆಂಡದ ಅಂಗಡಿ ಹಾಡುಹಗಲೇ ಬಾಗಿಲು ತೆರೆದುಕೊಂಡಿರುತ್ತಿತ್ತು. ನಡುವೆ ಒಂದು ಪೋಲೀಸು ಚೌಕಿ, ಅಷ್ಟೆ. ನಾನು ಮದರಾಸು ಸರ್ಕಾರದ ಸಂಬಳ ತಿನ್ನುವ ಮೇಷ್ಟ್ರು. ಸಾಲದ್ದಕ್ಕೆ ಶಾಲೆಯ ಗೋಡೆಯ ಮೇಲೆ ಕುಡಿತ ಬಿಡಿರೆಂದು ದುಂಡಗೆ ಬರೆದವನೂ ನಾನೇ. ನನ್ನ ಅಕ್ಷರ ಚೆನ್ನಾಗಿದೆ ಎಂದು ಇನ್ಸ್‌ಪೆಕ್ಟರು ಹೊಗಳಿದ್ದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಚಿಕ್ಕತಾಯಿಯನ್ನು ಯಳಂದೂರಿನ ಕಡೆಗೇ ಕೊಟ್ಟೆವು. ನಮ್ಮಲ್ಲಿ ಧಾರೆ ಗಂಡಿನ ಮನೆಯಲ್ಲಿ. ಅದಾದ ನಾಲ್ಕನೆಯ ದಿನ ಗಂಡಿನವರು ಹೆಣ್ಣುಗಂಡನ್ನು ಕರೆದುಕೊಂಡು ನಮ್ಮ ಮನೆಗೆ ಬೀಗರೂಟಕ್ಕೆ ಬರಬೇಕು. ಬೀಗರೂಟವೆಂದರೆ ಬಾಡು, ಬಾಡಿನ ಜೊತೆಗೆ ಹೆಂಡ. ಗಂಡಿನ ದೊಡ್ಡಪ್ಪ ಆ ಮನೆಯ ಯಜಮಾನರು, ಅವರ ಮಾತೇ ಮಾತು. ಧಾರೆಯ ದಿನವೇ ಅವರು ಅಪ್ಪನಿಗೆ, "ನಿಮ್ ಮದರಾಸು ಕಾನೂನು ನಮ್ ನಾಲ್ಗೆಗೆ ಗೊತ್ತಿಲ್ಲ ಕಣ್ರಿ ಬೀಗ್ರೇ" ಎಂದು ನಗುತ್ತಲೇ ಹೇಳಿದ್ದರು. ಆ ನಗುವಿಗೆ ಅಪ್ಪ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. "ಎಲೆ ಮುಂದಿಂದ ಅವ್ರು ಮಕ ಗಂಟಾಕಂಡು ಎದ್ದೋದ್ರೆ ಮಗಳ ಬಾಳೇನಾಯ್ತದ್ಲಾ?" ಎಂದು ನನ್ನನ್ನು ಕೇಳಿದರು.

ಆಗ ಉಪಾಯ ಹೇಳಿದವನು ನಾನೇ. ಬರುವ ಗಾಡಿಯಲ್ಲಿ ಅವರೇ ತರಲಿ, ಮದುವೆಯ ಗಾಡಿಯನ್ನು ಯಾರು ತಡೆಯುತ್ತಾರೆ? ಬಾಯಲ್ಲಿ ಹೇಳಿಕಳಿಸಿದರೆ ಗುಟ್ಟು ರಟ್ಟಾಗುತ್ತದೆಂದು ದೊಡ್ಡಪ್ಪನವರಿಗೆ ಕಾಗದ ಬರೆದೆ. ಅದರಲ್ಲಿ ಹೆಂಡ ಎಂದು ಬರೆಯಲು ನಾನೇನು ದಡ್ಡನೇ? "ಬರುವಾಗ ಆರು ಗಡಿಗೆ ಮಜ್ಜಿಗೆ ತರುವುದು" ಎಂದು ಬರೆದೆ. ನಮ್ಮ ಕೊಟ್ಟಿಗೆಯಲ್ಲಿ ಎರಡು ಹಸು ಕರೆಯುತ್ತಿದ್ದವು. ಅಂಥ ಮನೆಯವರು ಮಜ್ಜಿಗೆ ಕೇಳಿದರೆ ಕುಡಿಯುವ ಯಾವ ಗಂಡಸಿಗೂ ಅರ್ಥವಾಗುತ್ತದೆ ಎಂದುಕೊಂಡೆ. ಕಾಗದ ಒಯ್ದವನು ಬೆನ್ನು ತಿರುಗಿಸಿದ ಮೇಲೆ ನನ್ನ ತಲೆಯಲ್ಲಿ ಬೇರೆ ಲೆಕ್ಕ ಶುರುವಾಯಿತು. ಕೆಲಸ ಹೋಗುವುದು ಹಾಗಿರಲಿ, ಜೈಲಿಗೆ ಹೋದ ಮೇಷ್ಟ್ರ ತಂಗಿಯನ್ನು ಆ ಮನೆಯವರು ಇಟ್ಟುಕೊಳ್ಳುತ್ತಾರೆಯೇ?

ಬೀಗರನ್ನು ಎದುರುಗೊಳ್ಳಲು ಅಪ್ಪ ನನ್ನನ್ನೇ ಚೌಕಿಯ ಹತ್ತಿರಕ್ಕೆ ಕಳಿಸಿದರು. ನೆತ್ತಿಯ ಮೇಲೆ ಬಿಸಿಲು. ಮೂರು ಗಾಡಿ ಬಂದವು. ಮೊದಲ ಗಾಡಿಯಲ್ಲಿ ಹೆಣ್ಣುಗಂಡು, ಎರಡನೆಯದರಲ್ಲಿ ದೊಡ್ಡಪ್ಪ ಮತ್ತು ನೆಂಟರು, ಕೊನೆಯದರಲ್ಲಿ ಬಾಯಿಗೆ ಬಾಳೆಲೆ ಕಟ್ಟಿದ ಆರು ಗಡಿಗೆ. ಪೇದೆ ಕೈ ಅಡ್ಡ ಹಿಡಿದ.

"ಏನ್ ಮೇಷ್ಟ್ರೇ ಗಡ್ಗೇಲಿ?"

"ಮ... ಮಜ್ಜಿಗೆ."

"ಯಾಕ್ ಹಂಗ್ ನಡುಗ್ತಿದ್ದೀರಾ? ಬಿಚ್ಚಿ."

ನಾನು ಗಾಡಿಯ ಗೂಟ ಹಿಡಿದುಕೊಂಡು ನಿಂತೆ. ಮೊದಲ ಗಾಡಿಯಿಂದ ಚಿಕ್ಕತಾಯಿ ತಿರುಗಿ ನನ್ನನ್ನೇ ನೋಡುತ್ತಿದ್ದಳು. ಪೇದೆ ಒಂದೊಂದೇ ಗಡಿಗೆಯ ಬಾಯಿ ಬಿಚ್ಚಿ ಮೂಸಿದ. ಕೊನೆಯದರಿಂದ ಒಂದು ಚೊಂಬು ಬಗ್ಗಿಸಿಕೊಂಡು ಗಟಗಟನೆ ಕುಡಿದ. ಮೀಸೆ ಒರೆಸಿಕೊಂಡು, "ಉಪ್ಪು ಚೂರು ಕಮ್ಮಿ. ಓಗಿ ಓಗಿ" ಎಂದ.

ಅದು ನಿಜವಾಗಿಯೂ ಮಜ್ಜಿಗೆಯೇ ಆಗಿತ್ತು! ಬದುಕಿದೆ ಎನ್ನುವಷ್ಟರಲ್ಲಿ ಇನ್ನೊಂದು ಭಯ ಎದೆಯ ಮೇಲೆ ಕೂತಿತು. ಮುಂದೆ ಎಲೆ ಹಾಕಿದಾಗ ಏನು ಗತಿ?

ಎಲೆ ಹಾಕಿದರು. ಮುದ್ದೆ, ಬಾಡಿನ ಸಾರು ಬಂತು. ದೊಡ್ಡಪ್ಪ ಲೋಟ ಚಾಚಿದರು. ಬೇರೇನು ಮಾಡಲಿ, ಮಜ್ಜಿಗೆ ಬಗ್ಗಿಸಿದೆ. ಒಂದು ಗುಟುಕು ಕುಡಿದು ಅವರು ಲೋಟದೊಳಗೆ ಬಹಳ ಹೊತ್ತು ನೋಡಿದರು. "ನಮ್ಮನೆ ಮಜ್ಗೆನ ನಮ್ಗೇ ಕುಡುಸ್ತೀರಾ?" ಎಂದರು. ದನಿ ಏರಲಿಲ್ಲ, ಅದೇ ಹೆಚ್ಚು ಹೆದರಿಕೆಯಾಯಿತು. ಊಟ ಮುಗಿಸಿದರು, ಆದರೆ ಅಪ್ಪ ಚಾಚಿದ ಎಲೆ ಅಡಿಕೆಯ ತಟ್ಟೆಯನ್ನು ಮುಟ್ಟಲಿಲ್ಲ. ಗಾಡಿ ಹೂಡಿಸಿದರು. ಆ ವರ್ಷ ಗೌರಿ ಹಬ್ಬಕ್ಕೆ ಚಿಕ್ಕತಾಯಿಯನ್ನು ತವರಿಗೆ ಕಳಿಸಲೇ ಇಲ್ಲ. ಅವ್ವ ಬಾಗಿನದ ಮೊರ ಇಟ್ಟುಕೊಂಡು ಬಾಗಿಲಲ್ಲೇ ಕೂತಿದ್ದಳು.

ಮಾರನೆಯ ವರ್ಷ ಎಲ್ಲ ಸರಿಹೋಯಿತು ಅನ್ನಿ. ಆಮೇಲೆ ನಾನು ಈ ಕಥೆಯನ್ನು ಎಷ್ಟು ಜಗಲಿಗಳ ಮೇಲೆ ಹೇಳಿ ನಗಿಸಿದ್ದೇನೋ. ನನ್ನ ಜಾಣ ಕಾಗದ ಗಡಿಗೆ ತುಂಬಿದ ಆ ಮನೆಯ ಹೆಂಗಸರಿಗೆ ಅರ್ಥವಾಗಲಿಲ್ಲ ಎಂದು ಹೇಳಿಕೊಂಡು ಬಂದೆ. ಮೊನ್ನೆಯೂ ಕಂಟ್ರಾಕ್ಟರನ ಮುಂದೆ ಅದನ್ನೇ ಶುರುಮಾಡಿದೆ. ಹೂ ಕಟ್ಟುತ್ತಿದ್ದ ಚಿಕ್ಕತಾಯಿ ತಲೆ ಎತ್ತದೆ ಹೇಳಿದಳು:

"ಆ ಮನೇಲಿ ಆಗ ಓದಕ್ಕೆ ಬರ್ತಿದ್ದೋಳು ನಾನೊಬ್ಳೇ ಕಣಣ್ಣ."

ಅವಳಿಗೆ ಅಕ್ಷರ ಕಲಿಸಿದವನು ನಾನೇ. ಇಷ್ಟು ವರ್ಷ ಆ ಕಾಗದವನ್ನು ಯಾರು ಓದಿರಬಹುದೆಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಮಜ್ಗೆ ಅಂದ್ರೇನು ಅಂತ ನಂಗ್ ತಿಳೀದಾ? ಎರಡು ಹಸ ಕರ್ಯೋ ಮನೆ ನಮ್ದು. ಆದ್ರೆ ನಿನ್ ದುಂಡಕ್ಸರ ಆವತ್ತು ಗೆರೆ ಬಿಟ್ಟು ನಡುಗಾಡಿತ್ತು. ನೋಡ್ದೇಟ್ಗೆ ನಂಗೆ ನಿನ್ ಕೈಗೆ ಕೋಳ ಆಕ್ದಂಗೇ ಕಾಣ್ತು. ದೊಡ್ಡಪ್ನೋರು ಒಲಕ್ಕೋಗಿದ್ರು, ನಮ್ಮತ್ತೆ ಮುಂದೆ ಬರ್ದಂಗೇ ಓದ್ಬುಟ್ಟೆ. ಅವ್ರು ಬೀದೀಲೆಲ್ಲ ಈಸ್ಕಂಡು ಆರು ಗಡ್ಗೆ ತುಂಬ್ಸುದ್ರು."

"ನೀನು ಬೇಕಂತಲೇ ಹಾಗೆ ಓದಿದ್ದು ದೊಡ್ಡಪ್ಪನಿಗೆ ಗೊತ್ತಾಯಿತೇ?"

"ಬೀಗ್ರೂಟದ್ ದಿನ ಸಂಜೇಗೇ ಗೊತ್ತಾಯ್ತು. ಗೌರಿ ಹಬ್ಬಕ್ಕೆ ಮತ್ಯಾಕ್ ಕಳುಸ್ನಿಲ್ಲ ಅಂದ್ಕಂಡಿದ್ದೀಯೆ?"

ಮದುವೆಯಾಗಿ ಮೂರು ದಿನದ ಹುಡುಗಿ ಅದು. ನನಗೆ ಕಣ್ಣು ತುಂಬಿ ಬಂತು, ಜೊತೆಗೇ ನಾಚಿಕೆಯೂ ಆಯಿತು. "ನಿನಗೆ ಹೆದರಿಕೆ ಆಗಲಿಲ್ಲವಾ?" ಎಂದು ಕೇಳಿದೆ.

"ಆಗ್ದೆ ಇರ್ತದಾ? ಆದ್ರೆ ನೀನಾಗ್ಲೇ ಎದ್ರಿದ್ಯಲ್ಲ. ಇಬ್ರೂ ನಡುಗ್ತಾ ಕೂತ್ರೆ ಕಾಗ್ದ ಓದೋರ್ಯಾರು?"

ಕಂಟ್ರಾಕ್ಟರು ಗಂಟಲು ಸರಿಮಾಡಿಕೊಂಡು, "ಸಾ, ಚೀಟಿ" ಎಂದ. ನಾನು ಬರೆಯಲಿಲ್ಲ. ಪೆನ್ನನ್ನು ಅವಳ ಕೈಗೆ ಕೊಟ್ಟೆ. ಅವಳು ಹೂವಿನ ನಾರು ಪಕ್ಕಕ್ಕಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು, ನಾನು ಕಲಿಸಿದ ದುಂಡಕ್ಷರದಲ್ಲೇ ಬರೆಯತೊಡಗಿದಳು. ಒಂದಕ್ಷರವೂ ಗೆರೆ ಬಿಡಲಿಲ್ಲ.