ಜೂಲಿಯ ಬಾಣಂತನ

ಮುದ್ದೇಬಿಹಾಳದ ಸೂಲಗಿತ್ತಿ ಶಮಶಾದಬಿ ಒಂದು ಕಡೆ ಕೂತದ್ದನ್ನು ಕಂಡವರು ಕಡಿಮೆ. ಉಣ್ಣುವಾಗಲೂ ತಾಟು ಕೈಯಲ್ಲಿ ಹಿಡಿದು ಒಲೆಗೂ ಬಾಗಿಲಿಗೂ ಅಡ್ಡಾಡುವ ಹೆಂಗಸು. ಯಾವ ಓಣಿಯಲ್ಲಿ ಯಾರಿಗೆ ದಿನ ತುಂಬಿವೆಯೋ, ಯಾರು ಓಡಿ ಬರುತ್ತಾರೋ ಎಂದು ಕಿವಿ ಸದಾ ಬಾಗಿಲಲ್ಲೇ.

ತೊಂಬತ್ನಾಲ್ಕರ ಚಳಿಗಾಲದ ಒಂದು ಮುಂಜಾನೆ ದನದ ಡಾಕ್ಟರ್ ಬಸಂತರಾಯರೇ ಓಡಿ ಬಂದರು.

"ಶಮಶಾದಬಿ, ಸರ್ಕಸ್ಸಿನ ಡೇರೆದಾಗ ಒಂದು ಬಾಣಂತಿ ಐತಿ. ಕೂಸಿಗೆ ಹಾಲು ಕುಡಸವಲ್ದು. ಬರ್ತೀರೇನು?"

"ಯಾರ ಪೈಕಿರಿ?" ಎಂದಳು. ಆಗಲೇ ಚಪ್ಪಲಿ ಮೆಟ್ಟಿದ್ದಳು.

"ಮನಷ್ಯಾರ ಪೈಕಿ ಅಲ್ಲ. ಚಿಂಪಾಂಜಿ."

ಅವಳು ನಗಲಿಲ್ಲ, ಬೈಯಲೂ ಇಲ್ಲ. ಸೆರಗು ಸರಿಮಾಡಿಕೊಂಡು ಅವರ ಹಿಂದೆ ನಡೆದಳು.

ಪಂಜರದಲ್ಲಿ ಜೂಲಿ ಕೂತಿತ್ತು. ಬಾಲವಿಲ್ಲ, ಮೈತುಂಬ ಕರಿ ಕೂದಲು, ಬಳಲಿದ ಕಣ್ಣು. ಮರಿಯನ್ನು ತಲೆಕೆಳಗಾಗಿ ಹಿಡಿದಿತ್ತು. ಮರಿ ಕೀರಿದೊಡನೆ ಜೂಲಿ ಬೆಚ್ಚಿ ಅದನ್ನು ಹುಲ್ಲಿನ ಮೇಲೆ ಬಿಟ್ಟು ಮೂಲೆಗೆ ಸರಿಯಿತು. ಆಮೇಲೆ ಮತ್ತೆ ಬಂದು ಎತ್ತಿಕೊಂಡು, ಈ ಸಲ ತಲೆಯ ಮೇಲೆ ಇಟ್ಟುಕೊಂಡಿತು. ಎದೆಯಿಂದ ಹಾಲು ಜಿನುಗುತ್ತಿತ್ತು.

"ಇದರವ್ವ ಎಲ್ಲಿ?" ಶಮಶಾದಬಿ ಕೇಳಿದಳು.

ಜೂಲಿಯನ್ನು ನೋಡಿಕೊಳ್ಳುವ ಬಾಬುಲಾಲ ತಲೆ ತಗ್ಗಿಸಿದ. "ಇದನ್ನ ಮೊಲೆಗೂಸು ಇದ್ದಾಗನ ತಂದಾರ್ರಿ. ಬಾಟ್ಲಿ ಹಾಲಿನ ಮ್ಯಾಲೆ ನಾನ ಬೆಳಸೇನಿ. ಅವ್ವನ ಮುಖ ಅದಕ್ಕ ನೆನಪಿರಂಗಿಲ್ಲ."

ಅಷ್ಟು ಕೇಳಿದ್ದೇ ತಡ, ಅವಳ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಅಗರಖೇಡದಿಂದ ಹದಿನೈದಕ್ಕೆ ಮದುವೆಯಾಗಿ ಬಂದವಳು ಅವಳು, ಅವ್ವ ಸತ್ತ ತಬ್ಬಲಿ. ಚೊಚ್ಚಲ ಕೂಸು ಎರಡು ದಿನ ಚೀರಿ ಚೀರಿ ನೀಲಿಗಟ್ಟಿತ್ತು. ಹೇಗೆ ಹಿಡಿಯಬೇಕೋ ಗೊತ್ತಿರಲಿಲ್ಲ. ಮಗ್ಗುಲ ಮನೆಯ ಯಲ್ಲವ್ವ ತನ್ನ ಕೂಸನ್ನು ತಂದು ಎದುರಿಗೇ ಕೂತು ಕುಡಿಸಿ ತೋರಿಸಿದ್ದಕ್ಕೆ ಮಗು ಉಳಿದಿತ್ತು. ಹಾಲು ತಾನಾಗಿ ಬರುತ್ತದೆ, ಕುಡಿಸುವುದನ್ನು ಮಾತ್ರ ಯಾರಾದರೂ ತೋರಿಸಬೇಕು.

ಮನೆಗೆ ಬಂದವಳೇ, ಬಾಣಂತನಕ್ಕೆ ತವರಿಗೆ ಬಂದಿದ್ದ ಮಗಳು ಮೆಹನಾಜಳ ಮುಂದೆ ನಿಂತಳು. ಮೆಹನಾಜಳ ಕೂಸಿಗೆ ಎರಡು ತಿಂಗಳು.

"ಅಮ್ಮಾ, ನಿನಗ ಹುಚ್ಚು ಹಿಡದೈತೇನು? ಮಂಗ್ಯಾನ ಮುಂದ ಎದಿ ಬಿಚ್ಚಿ ಕೂಡಲೇನು? ನಮ್ಮ ಮನಿಯವರ ಕಿವಿಗೆ ಬಿದ್ರ?"

"ಪರದೆ ಕಟ್ಟಸ್ತೇನಿ. ಗಂಡಸರ‍್ಯಾರೂ ಇರಂಗಿಲ್ಲ. ಅದೂ ಬಾಣಂತಿನ ಐತವ್ವಾ. ಒಂದ ಸಲ ಬಾ, ನೋಡು. ಆಗಂಗಿಲ್ಲ ಅನಸಿದ್ರ ಹೊಳ್ಳಿ ಬರೂಣು."

ಮೆಹನಾಜ ಹೋದಳು. ಪರದೆಯೊಳಗೆ, ಸರಳುಗಳಿಂದ ಮಾರು ದೂರದಲ್ಲಿ ಚಾಪೆ ಹಾಸಿ ಕೂತು ಕೂಸಿಗೆ ಮೊಲೆ ಕೊಟ್ಟಳು. ಜೂಲಿ ಕೂಗಾಡಿತು, ಹುಲ್ಲು ತೂರಿತು. ನಂತರ ಸುಮ್ಮನಾಗಿ ಸರಳಿಗೆ ಮುಖ ಒತ್ತಿ ನೋಡತೊಡಗಿತು.

"ಅಮ್ಮಾ, ಎಷ್ಟು ನೋಡಾಕತ್ತೇತಿ!" ಮೆಹನಾಜ ಕೂಸನ್ನು ಇನ್ನಷ್ಟು ಒತ್ತಿ ಹಿಡಿದಳು.

"ನೋಡ್ಲಿ. ನೋಡ್ಲಿ ಅಂತನ ಬಂದೀವಿ."

ಆ ದಿನ ಏನೂ ಆಗಲಿಲ್ಲ. ಬಾಬುಲಾಲ ಆಕಳ ಹಾಲಿನಲ್ಲಿ ಅರಳೆ ಅದ್ದಿ ಹೇಗೋ ಮರಿಯ ಬಾಯಿಗೆ ನಾಲ್ಕು ಹನಿ ಹಿಂಡಿದ. ಮರುದಿನವೂ ಕೂತರು. ಶಮಶಾದಬಿ ಪರದೆಯ ಒಳಗೂ ಹೊರಗೂ ತಿರುಗಿ ತಿರುಗಿ ಮಣ್ಣಿನಲ್ಲಿ ದಾರಿಯನ್ನೇ ಮಾಡಿದಳು. ಮೂರನೆಯ ಮಧ್ಯಾಹ್ನ ಮೆಹನಾಜ ಕೂಸಿನ ತಲೆಗೆ ಅಂಗೈ ಕೊಟ್ಟು ಎತ್ತಿದಳು. ಒಳಗೆ ಜೂಲಿಯೂ ಮರಿಯ ತಲೆಗೆ ಅಂಗೈ ಕೊಟ್ಟಿತು. ಅದು ಅಂಗೈ ಚಾಚಿದಾಗ ಮನುಷ್ಯರ ಕೈಯಲ್ಲಿರುವಂಥವೇ ಗೆರೆಗಳು ಶಮಶಾದಬಿಗೆ ಕಂಡವು. ಮರಿ ತಡಕಾಡಿತು, ಜಾರಿತು, ಮತ್ತೆ ತಡಕಾಡಿ ಹಿಡಿಯಿತು. ಚಪ್ಪರಿಸುವ ಸಪ್ಪಳ ಕೇಳಿ ಮೆಹನಾಜ ಅತ್ತೇಬಿಟ್ಟಳು.

ಊರು ಸುಮ್ಮನಿರುತ್ತದೆಯೇ? ನಾಲ್ಕೇ ದಿನಕ್ಕೆ ಸುದ್ದಿ ಮೆಹನಾಜಳ ಗಂಡನ ಊರು ಇಂಡಿಗೆ ಮುಟ್ಟಿ ಅಳಿಯ ಮಂಜೂರ ಕೆಂಗಣ್ಣು ಮಾಡಿಕೊಂಡು ಬಂದ. ಹೆಂಡತಿಯನ್ನೂ ಕೂಸನ್ನೂ ಕರೆದುಕೊಂಡು ಮುಂದಿನ ಬಸ್ಸಿಗೇ ಹೊರಟ. ಎರಡು ಮನೆಯವರು ಇನ್ನು ಹೆರಿಗೆಗೆ ಬರುವುದು ಬೇಡವೆಂದು ಹೇಳಿ ಕಳಿಸಿದರು. ಅಷ್ಟರಲ್ಲಿ ಸರ್ಕಸ್ಸೂ ಡೇರೆ ಕಿತ್ತಿತು.

ಶಮಶಾದಬಿ ದನದ ದವಾಖಾನೆಗೆ ಹೋಗಿ ಕೇಳಿದಳು. "ಡಾಕ್ಟರ್ರ, ಖರೇ ಹೇಳ್ರಿ. ಆ ಜೂಲಿ ನಮಗ ಏನಾಗಬೇಕು?"

"ಮಂಗ್ಯಾನಿಂದ ಮನಷ್ಯಾ ಆದ ಅಂತಾರಲ್ಲ, ಹಂಗಲ್ಲ ಅದು," ಎಂದರು ಬಸಂತರಾಯರು. "ಅರವತ್ತು ಎಪ್ಪತ್ತು ಲಕ್ಷ ವರ್ಷದ ಹಿಂದ ಅವರಿಗೂ ನಮಗೂ ಹಿರೇರು ಒಬ್ಬರ. ಅಲ್ಲಿಂದ ಎರಡು ಮನಿತನ ಬ್ಯಾರೆ ಆದುವು. ರಕ್ತ ನೋಡಿದ್ರ ಇವತ್ತೂ ಗೊತ್ತಾಗತೈತಿ."

"ಅದೆಲ್ಲಾ ಅಲ್ಲಾಗ ಗೊತ್ರಿ. ನಾ ಓದಿದಾಕಿ ಅಲ್ಲ. ಆದ್ರ ಸಂಬಂಧ ಇದ್ದದ್ದು ಖರೇ ಇದ್ರ, ಬಾಣಂತೀನ ಪಂಜರದಾಗ ಬಿಟ್ಟು ಬಂದೆನಲ್ರಿ!"

ಸರ್ಕಸ್ಸು ಬಸವನ ಬಾಗೇವಾಡಿಗೆ ಹೋಗಿದೆಯೆಂದು ಡಾಕ್ಟರು ಹೇಳಿದರು.

ಮೂರು ದಿನ ಚಡಪಡಿಸಿ ಬಸವನ ಬಾಗೇವಾಡಿಗೆ ಹೋದಳು. ಬಯಲಿನಲ್ಲಿ ಕಟ್ಟಿಗೆ ಪುಡಿಯ ಗುಡ್ಡೆ ಬಿಟ್ಟರೆ ಏನೂ ಇರಲಿಲ್ಲ. ಸರ್ಕಸ್ಸಿನವರು ಸಿಂದಗಿಯಲ್ಲಿ ಸಿಕ್ಕರು. ಜೂಲಿ ಮರಿಯನ್ನು ಹೊಟ್ಟೆಗೆ ಅವುಚಿಕೊಂಡು ಅದರ ನೆತ್ತಿ ಕೆದರುತ್ತಿತ್ತು. ಅವಳನ್ನು ಒಮ್ಮೆ ನೋಡಿತು, ಮತ್ತೆ ತನ್ನ ಕೆಲಸಕ್ಕೆ ತೊಡಗಿತು.

"ವರ್ಷ ತುಂಬಿದ ಮ್ಯಾಲೆ ಮರೀನ ಬ್ಯಾರೆ ಮಾಡ್ತಾರ್ರಿ, ಸೈಕಲ್ ಕಲಸಾಕ," ಎಂದ ಬಾಬುಲಾಲ.

"ಮತ್ತದ ತಪ್ಪು ಮಾಡ್ತೀರೇನು? ನಾಳೆ ಅದು ಹಡದ್ರ ಯಾರನ್ನ ಕರಸ್ತೀರಿ?"

"ನನ್ನ ಕೈಯಾಗ ಏನೈತ್ರಿ ಅಮ್ಮಾ? ಮಾಲಕರನ್ನ ಕೇಳ್ರಿ."

ಮಾಲಕ ಊರಲ್ಲಿರಲಿಲ್ಲ. ಸಂಜೆಯ ಬಸ್ಸಿನವರೆಗೂ ಆಫೀಸು ಡೇರೆಯ ಮುಂದೆ ಅಡ್ಡಾಡಿ ಬಂದಳು. ಬಸಂತರಾಯರಿಂದ ಕಾಗದ ಬರೆಸಿದಳು, ಮರಿಯನ್ನು ಅಗಲಿಸಬೇಡಿರೆಂದು. ಕಾಗದ ಮಾಲಕನಿದ್ದ ಸೊಲ್ಲಾಪುರಕ್ಕೆ ಹೋಯಿತು, ಜವಾಬು ಬರಲಿಲ್ಲ.

ಮುಂದಿನ ರಂಜಾನಿಗೆ ಮಂಜೂರ ಸಿಟ್ಟಿಳಿದು ಹೆಂಡತಿಯನ್ನು ತವರಿಗೆ ಕರೆತಂದ. ಊರಿನವರು ಮತ್ತೆ ಹೆರಿಗೆಗೆ ಕರೆದರು. ಮೊಣಕಾಲು ಸೋಲುವವರೆಗೆ ಎಂಟು ವರ್ಷ ಅವಳು ಬಾಣಂತಿಯರ ಮನೆ ತಿರುಗಿದಳು. ಗೋಡೆಯ ಮೇಲೆ ಸರ್ಕಸ್ಸಿನ ಜಾಹೀರಾತು ಕಂಡಾಗಲೆಲ್ಲ ಕೈಯ ಕೆಲಸ ಬಿಟ್ಟು ಆ ಡೇರೆಗೆ ಹೋಗಿ ವಿಚಾರಿಸುತ್ತಿದ್ದಳು. ಅಲ್ಲಿ ಜೂಲಿಯನ್ನಾಗಲಿ ಬಾಬುಲಾಲನನ್ನಾಗಲಿ ಬಲ್ಲವರು ಒಬ್ಬರೂ ಇರುತ್ತಿರಲಿಲ್ಲ.